ತಾಯಿಹಲಗೆಯ ತಕರಾರು

ಮನೆಯಲ್ಲಿ ಕಂಪ್ಯೂಟರ್ ಕೊಳ್ಳುವ ಮಾತು ಎದ್ದರೆ ಹೆಂಗಸರಿಗೆ ಕರೆ ಬರುವುದು ಎರಡೇ ಸಲ. ಮೊದಲನೆಯದು ದುಡ್ಡು ಕೇಳುವಾಗ, ಎರಡನೆಯದು ಪೆಟ್ಟಿಗೆ ಬಂದ ದಿನ ಮೇಜು ಒರೆಸಿಕೊಡುವುದಕ್ಕೆ. ನಡುವೆ ಏನು ನಡೆಯಿತು, ಯಾವ ಭಾಗಕ್ಕೆ ಎಷ್ಟು ಹೋಯಿತು ಎಂದು ಕೇಳಿದರೆ "ಅದೆಲ್ಲ ನಿಂಗೆ ತಿಳಿತಿಲ್ಲೆ" ಎಂಬ ಉತ್ತರ ಬಾಯಲ್ಲೇ ಸಿದ್ಧವಾಗಿರುತ್ತದೆ. ಹತ್ತು ರೂಪಾಯಿಯ ಹರಿವೆ ಕಟ್ಟನ್ನು ತಿರುವಿ ಮುರುವಿ ನೋಡಿ ಕೊಳ್ಳುವವರು ನಾವು. ಕುಮಟೆಯ ಪೇಟೆಯಲ್ಲಿ ಬಂಗಡೆಯ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕಿಕೊಳ್ಳುವ ಹೆಂಗಸನ್ನು ನಾನಂತೂ ಕಂಡಿಲ್ಲ. ಅಂಥ ನಾವು ಲಕ್ಷ ರೂಪಾಯಿಯ ಯಂತ್ರದ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಚೆಕ್ಕಿಗೆ ಸಹಿ ಹಾಕುತ್ತೇವೆ. ಇದು ನಿಲ್ಲಬೇಕು ಎಂಬುದು ನನ್ನ ವಾದ. ವಾದ ಗಾಳಿಯಲ್ಲಿ ತೇಲಬಾರದಲ್ಲ, ಅದಕ್ಕೆ ಒಂದೇ ಒಂದು ಭಾಗವನ್ನು ಹಿಡಿದು ಮಾತಾಡುತ್ತೇನೆ. ಅದು ಮದರ್‌ಬೋರ್ಡು.

ನಾನು ಇಂಜಿನಿಯರಲ್ಲ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಹೇಳಿಕೊಟ್ಟವಳು. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಬರೀ 'ಅಕ್ಕೋರು'. ಆದರೆ 2003ರ ಸುಮಾರಿಗೆ ಶಾಲೆಗೆ ಹತ್ತು ಕಂಪ್ಯೂಟರ್‌ಗಳು ಬಂದಾಗ ಗಣಿತದ ಮಾಸ್ತರರು ಜಾಣತನದಿಂದ ಜಾರಿಕೊಂಡರು, ಕೋಣೆಯ ಬೀಗದಕೈ ನನ್ನ ಸೆರಗಿಗೆ ಬಂತು. ಆ ಮೇಲೆ ಇಪ್ಪತ್ತು ವರ್ಷ ದಾಸ್ತಾನು ಪುಸ್ತಕ ಬರೆದವಳು ನಾನೇ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ, ಮಳೆಯೂ ಹಿಡಿದ ಮೇಲೆ ಕೋಣೆ ತೆರೆದರೆ ಹತ್ತರಲ್ಲಿ ಎರಡೋ ಮೂರೋ ಏಳುತ್ತಲೇ ಇರಲಿಲ್ಲ. ರಿಪೇರಿಯ ಹುಡುಗ ಬಂದು ಮುಚ್ಚಳ ಬಿಚ್ಚುತ್ತಿದ್ದ. ಮೆಮೊರಿ ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದರೆ ಒಂದು ಎದ್ದು ಕೂರುತ್ತಿತ್ತು. ಉಳಿದವುಗಳಲ್ಲಿ ಅವನು ತೋರಿಸುತ್ತಿದ್ದುದು ಹಲಗೆಯ ಮೇಲಿನ ಪುಟ್ಟ ಉರುಟು ಡಬ್ಬಿಗಳನ್ನು. ಮಟ್ಟಸವಾಗಿರಬೇಕಾದ ಅವುಗಳ ತಲೆ ಹೂರಣ ಹೆಚ್ಚಾದ ಕಡುಬಿನ ಹಾಗೆ ಉಬ್ಬಿ, ಕೆಲವು ಬಿರಿದು, ಕಂದು ರಸ ಒಸರಿರುತ್ತಿತ್ತು. ಅವು ಕೆಪಾಸಿಟರ್‌ಗಳು. ಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಮಾರಾಟವಾದ ಎಷ್ಟೋ ಬೋರ್ಡುಗಳಲ್ಲಿ ಕಳಪೆ ದ್ರಾವಣ ತುಂಬಿದ ಇಂಥವೇ ಡಬ್ಬಿಗಳಿದ್ದವು, ದೊಡ್ಡ ದೊಡ್ಡ ಕಂಪನಿಗಳೂ ಇದರಲ್ಲಿ ಸಿಕ್ಕಿಬಿದ್ದವು ಎಂದು ಆಮೇಲೆ ಓದಿ ತಿಳಿದೆ. ನನ್ನ ದಾಸ್ತಾನು ಪುಸ್ತಕದ ಷರಾ ಕಾಲಮ್ಮಿನಲ್ಲಿ 'ಮದರ್‌ಬೋರ್ಡ್ ಕೆಟ್ಟಿದೆ' ಎಂದು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. 'ಪ್ರೊಸೆಸರ್ ಕೆಟ್ಟಿದೆ' ಎಂದು ಒಂದು ಸಲವೂ ಬರೆದದ್ದಿಲ್ಲ.

ಹೀಗಿದ್ದೂ ಅಂಗಡಿಯಲ್ಲಿ ಜಪ ಮಾಡುವುದೆಲ್ಲ ಪ್ರೊಸೆಸರಿನದು. ಹಲಗೆಯ ಮಾತು ಕೊನೆಯಲ್ಲಿ, 'ಯಾವುದಾದರೊಂದು ಹಾಕೋಣ' ಎಂಬ ಧಾಟಿಯಲ್ಲಿ ಬರುತ್ತದೆ. ಹೆಸರಿನಲ್ಲಿ 'ಮದರ್' ಇದೆಯಲ್ಲ, ಇನ್ನೇನು ಆದೀತು! ದೊಡ್ಡ ಹಲಗೆಗೆ ಸಣ್ಣ ಹಲಗೆಗಳನ್ನು ಸಿಕ್ಕಿಸುವ ಪದ್ಧತಿಯಿಂದ ಬಂದ ಹೆಸರಂತೆ ಅದು. ಸಣ್ಣವಕ್ಕೆ 'ಡಾಟರ್‌ಬೋರ್ಡ್' ಎನ್ನುತ್ತಾರೆ. ತಾಯಿ, ಮಗಳು ಇಬ್ಬರೂ ಇದ್ದಾರೆ, ಅಪ್ಪನ ಸುದ್ದಿ ಮಾತ್ರ ಇಲ್ಲ. ಪ್ರತಿ ವರ್ಷ ಮಹಿಳಾ ದಿನಾಚರಣೆಗೆ ಬರುವ ಭಾಷಣಕಾರರೊಬ್ಬರು 'ತಾಯಿ ಎಲ್ಲರ ಭಾರ ಹೊರುವ ಸಹನಾಮೂರ್ತಿ, ಮದರ್‌ಬೋರ್ಡಿನ ಹಾಗೆ' ಎಂದು ಹೋಲಿಸಿ ಚಪ್ಪಾಳೆ ಗಿಟ್ಟಿಸಿದ್ದನ್ನು ನಾನೇ ಕೇಳಿದ್ದೇನೆ. ಹೊರುವವಳಿಗೆ ಹೊಗಳಿಕೆ ಕೊಟ್ಟು ಕೈತೊಳೆದುಕೊಳ್ಳುವುದು ಹಳೆಯ ಚಾಳಿ. ಹಲಗೆಗೆ ಹೊಗಳಿಕೆ ಸಾಲುವುದಿಲ್ಲ. ಅದಕ್ಕೆ ದಪ್ಪ ತಾಮ್ರ ಬೇಕು, ಬಿಸಿ ಹೀರುವ ಲೋಹದ ತುಂಡು ಬೇಕು, ಒಳ್ಳೆಯ ಕೆಪಾಸಿಟರ್ ಬೇಕು. ಸಹನೆಯನ್ನು ಅಂಗಡಿಯಲ್ಲಿ ಮಾರುವುದಿಲ್ಲ, ಇವನ್ನೆಲ್ಲ ಮಾರುತ್ತಾರೆ.

ಈಗ ಓವರ್‌ಕ್ಲಾಕಿಂಗ್ ಎಂಬ ಪದಕ್ಕೆ ಬರೋಣ. ನಿಮ್ಮ ಮಗನೋ ಅಳಿಯನೋ ಈ ಪದವನ್ನು ಆಡಿದರೆ ಬೆಚ್ಚಬೇಡಿ. ಪ್ರೊಸೆಸರು ತಾಳ ಹಾಕಿಕೊಂಡು ಕೆಲಸ ಮಾಡುವ ಯಂತ್ರ. ಸೆಕೆಂಡಿಗೆ ಇಷ್ಟು ಕೋಟಿ ತಾಳ ಎಂದು ತಯಾರಿಸಿದವರು ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಹೆಚ್ಚಿನ ತಾಳದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ಯಕ್ಷಗಾನ ನೋಡಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಕಾಲ ಏರಿಸಿದರೆ ಮದ್ದಳೆಯವನ ಬೆರಳಿಗೂ ವೇಷಧಾರಿಯ ಕಾಲಿಗೂ ಅಷ್ಟು ಕಸುವಿರಬೇಕು, ಇಲ್ಲವಾದರೆ ಪದ್ಯ ಮುಗಿಯುವ ಮೊದಲೇ ಲಯ ತಪ್ಪುತ್ತದೆ.

ಮೊದಲಿಗೆ ಇದು ಬಡವರ ಉಪಾಯವಾಗಿತ್ತು ಎಂಬುದು ನಿಮಗೆ ತಿಳಿದಿರಲಿ. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರಿತು. 300 ಮೆಗಾಹರ್ಟ್ಸಿನದು. ಬೋರ್ಡಿನ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಪ್ರೊಸೆಸರು 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು! ಕಾಸಿಲ್ಲದ ಕಾಲೇಜು ಹುಡುಗರು ಹಬ್ಬ ಮಾಡಿದರು. ಗಮನಿಸಿ, ಆಗಲೂ ಆ ಚಮತ್ಕಾರ ನಡೆದದ್ದು 100ರ ತಾಳವನ್ನು ಹೊರಬಲ್ಲ ಬೋರ್ಡು ಇದ್ದವರ ಮನೆಯಲ್ಲಿ ಮಾತ್ರ. ಆ ಕಾಲ ಹೋಯಿತು. ಈಗಿನ ಪ್ರೊಸೆಸರುಗಳನ್ನು ತಯಾರಿಸುವವರೇ ಕಬ್ಬಿನ ಹಾಗೆ ಹಿಂಡಿ ಕಳಿಸುತ್ತಾರೆ. ಮನೆಯಲ್ಲಿ ಹಿಂಡಿದರೆ ನೂರಕ್ಕೆ ಐದು ಸಿಕ್ಕರೆ ಪುಣ್ಯ. ಮೂರು ಗಂಟೆಯ ಕೆಲಸದಲ್ಲಿ ನೂರಕ್ಕೆ ಐದು ವೇಗ ಹೆಚ್ಚಿದರೆ ಉಳಿಯುವುದು ಒಂಬತ್ತು ನಿಮಿಷಕ್ಕೂ ಕಡಿಮೆ. ಲೆಕ್ಕ ಹಾಕಿ ನೋಡಿ. 2022ರ ಕೊನೆಯಲ್ಲಿ ದ್ರವ ಹೀಲಿಯಂ ಸುರಿದು ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸ್ ದಾಟಿಸಿದ ಸುದ್ದಿಯನ್ನು ಹುಡುಗರು ಕಣ್ಣರಳಿಸಿ ಹೇಳುತ್ತಾರೆ. ನಮ್ಮ ಹೊಳೆಯಂಚಿನ ಮನೆಯಲ್ಲಿ ದ್ರವವೆಂದರೆ ಸೋರುವ ಹಂಚಿನ ಕೆಳಗಿಟ್ಟ ಪಾತ್ರೆಯಲ್ಲಿರುವುದು.

ಇಷ್ಟು ಹೇಳಿದರೂ ಓವರ್‌ಕ್ಲಾಕಿಂಗ್ ಮಾಡಲೇಬಾರದೆಂದು ನಾನು ಹಟ ಹಿಡಿದಿಲ್ಲ. ಮಾಡುವುದಾದರೆ ಹಲಗೆಯಿಂದ ಶುರುಮಾಡಿ ಎನ್ನುತ್ತೇನೆ. ಯಾಕೆಂದರೆ ಲೆಕ್ಕ ಹೀಗಿದೆ. ಪ್ರೊಸೆಸರು ತಿನ್ನುವ ವಿದ್ಯುತ್ತು ವೇಗದಷ್ಟೇ ಏರುವುದಿಲ್ಲ, ವೋಲ್ಟೇಜಿನ ವರ್ಗದಷ್ಟು ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಲು ವೋಲ್ಟೇಜನ್ನೂ ನೂರಕ್ಕೆ ಹತ್ತು ಹೆಚ್ಚಿಸಿದರೆ ಒಟ್ಟು ಖರ್ಚು ಮೂರನೆಯ ಒಂದು ಪಾಲು ಏರಿಬಿಡುತ್ತದೆ. ಇನ್ನು, 2023ರ ಇಂಟೆಲ್ ಕೋರ್ ಐ7-14700ಕೆ ಎಂಬ ಪ್ರೊಸೆಸರಿಗೆ ಕಂಪನಿಯೇ ಹೇಳುವ ಗರಿಷ್ಠ 253 ವಾಟ್. ನಮ್ಮ ಮಿಕ್ಸರು 750 ವಾಟಿನದು, ಅದಕ್ಕೆ ಹೋಲಿಸಿದರೆ ಇದೇನು ಮಹಾ ಅನಿಸುತ್ತದೆ ಅಲ್ಲವೇ? ಇಲ್ಲೇ ಇರುವುದು ಗುಟ್ಟು. ಮಿಕ್ಸರಿಗೆ 230 ವೋಲ್ಟ್ ಸಿಗುವುದರಿಂದ ಮೂರು ಚಿಲ್ಲರೆ ಆಂಪಿಯರ್ ಸಾಕು. ಪ್ರೊಸೆಸರು ಕುಡಿಯುವುದು ಸುಮಾರು ಒಂದೂಕಾಲು ವೋಲ್ಟಿನಲ್ಲಿ. ಭಾಗಿಸಿ ನೋಡಿದರೆ 200 ಆಂಪಿಯರ್ ಬರುತ್ತದೆ. ನಿಮ್ಮ ಮನೆಯ ಮೀಟರಿನ ಪಕ್ಕದ ಸ್ವಿಚ್ಚಿನ ಮೇಲೆ 32 ಎಂದು ಬರೆದಿದ್ದೀತು, ನೋಡಿ. ಇಡೀ ಮನೆಗೆ ಬರುವುದರ ಆರು ಪಟ್ಟು ಪ್ರವಾಹ ಬೆಂಕಿಪೊಟ್ಟಣದಷ್ಟು ಜಾಗದೊಳಗೆ ಇಳಿಯಬೇಕು.

ಅದನ್ನು ಇಳಿಸಿಕೊಡುವುದು ಹಲಗೆಯ ಕೆಲಸ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಒಂದೂಕಾಲಕ್ಕೆ ಇಳಿಸುವ ಒಂದು ಭಾಗ ಪ್ರೊಸೆಸರಿನ ಸುತ್ತ ಸಾಲಾಗಿ ಕೂತಿರುತ್ತದೆ. ವಿ.ಆರ್.ಎಂ. ಎನ್ನುತ್ತಾರೆ. ಬೀದಿಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನ ಮರಿ ಎಂದುಕೊಳ್ಳಿ. ಈ ಇಳಿಸುವ ಕೆಲಸದಲ್ಲಿ ನೂರಕ್ಕೆ ಹತ್ತು ಪಾಲು ಬಿಸಿಯಾಗಿ ಹೋಯಿತೆಂದರೂ 25 ವಾಟ್ ಆಯಿತು. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ ಇದೆಯಲ್ಲ, ಅದೂ 25 ವಾಟಿನದೇ. ಅಗ್ಗದ ಹಲಗೆಯಲ್ಲಿ ಈ ಭಾಗದ ಮೇಲೆ ಬಿಸಿ ಹೀರುವ ಲೋಹದ ತುಂಡೇ ಇರುವುದಿಲ್ಲ. ಬಿಸಿ ಮಿತಿಮೀರಿದಾಗ ಹಲಗೆ ಪ್ರೊಸೆಸರಿನ ವೇಗವನ್ನು ತಾನಾಗಿಯೇ ಇಳಿಸುತ್ತದೆ. ದುಡ್ಡು ಕೊಟ್ಟದ್ದು ಕುದುರೆಗೆ, ಓಡುವುದು ಕತ್ತೆ. ಹುಡುಗ ಮಾತ್ರ ಗೋಡೆಗೆ ಕುದುರೆಯ ಚಿತ್ರ ಅಂಟಿಸಿಕೊಂಡು ಕೂತಿರುತ್ತಾನೆ.

ನನ್ನ ತಂಗಿಯ ಮನೆ ಮಿರ್ಜಾನದ ಆಚೆ, ಅಘನಾಶಿನಿಯ ಅಂಚಿನಲ್ಲಿ. ಹಲಸಿನ ಹಪ್ಪಳ ಮಾಡಿ ಮಾರುತ್ತಾಳೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಂಗಳದ ತುಂಬ ಹಪ್ಪಳ ಹರಡಿ ಕಾಗೆ ಓಡಿಸುತ್ತ ಕೂತು ಗಳಿಸಿದ ದುಡ್ಡು ಅವಳದ್ದು. ಮಗ ಮದುವೆ, ಉಪನಯನಗಳ ವಿಡಿಯೋ ಮಾಡುತ್ತಾನೆ. ಹೆಚ್ಚಾಗಿ ಇಡೀ ರಾತ್ರಿಯ ಯಕ್ಷಗಾನವನ್ನು ಚಿತ್ರಿಸಿ, ಜೋಡಿಸಿ ಕೊಡುತ್ತಾನೆ. 2024ರ ಏಪ್ರಿಲಿನಲ್ಲಿ ಹೊಸ ಕಂಪ್ಯೂಟರು ಬೇಕೆಂದ, ಓವರ್‌ಕ್ಲಾಕ್ ಮಾಡುವಂಥದ್ದೇ ಬೇಕೆಂದ. ಘಟ್ಟದ ಮೇಲಿನ ಒಂದು ಅಂಗಡಿಯಿಂದ ಅಂದಾಜು ಪಟ್ಟಿ ತರಿಸಿದ. ಒಟ್ಟು 1,10,000 ರೂಪಾಯಿ. ತಂಗಿ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, "ಅಕ್ಕಾ, ಇದನ್ನೊಂದು ಓದು" ಎಂದಳು.

ಓದಿದೆ. ಪ್ರೊಸೆಸರು ಮೇಲೆ ಹೇಳಿದ ಐ7-14700ಕೆ, 38,500. ಬಣ್ಣಬಣ್ಣದ ದೀಪ ಹೊತ್ತಿ ಆರುವ ಗಾಜಿನ ಪೆಟ್ಟಿಗೆ, ಫ್ಯಾನುಗಳ ಸಹಿತ 12,500. ಮದರ್‌ಬೋರ್ಡು ಎಚ್610 ಎಂಬ ಚಿಪ್‌ಸೆಟ್ಟಿನದು, 7,200. ಹಲಗೆಗಿಂತ ದೀಪಕ್ಕೆ ಹೆಚ್ಚು! ಅಷ್ಟೇ ಆಗಿದ್ದರೆ ಹುಡುಗಾಟಿಕೆ ಎಂದು ಬಿಡಬಹುದಿತ್ತು. ಆದರೆ ಇಂಟೆಲ್ಲಿನವರ ನಿಯಮ ಹೀಗಿದೆ: ಪ್ರೊಸೆಸರಿನ ಹೆಸರಿನ ಕೊನೆಗೆ 'ಕೆ' ಇದ್ದರೆ ಮಾತ್ರ ಅದರ ತಾಳ ಏರಿಸಲು ಬಿಡುತ್ತಾರೆ, ಅದೂ 'ಝಡ್' ಅಕ್ಷರದ ಬೋರ್ಡಿನಲ್ಲಿ ಮಾತ್ರ. 'ಬಿ' ಬೋರ್ಡಿನಲ್ಲಿ ಮೆಮೊರಿಯ ವೇಗ ಏರಿಸಬಹುದು, ಪ್ರೊಸೆಸರಿನದನ್ನು ಆಗದು. ಎಚ್610ರಲ್ಲಿ ಎರಡೂ ಇಲ್ಲ. ಎಂದರೆ ಓವರ್‌ಕ್ಲಾಕ್ ಮಾಡಲೆಂದೇ 'ಕೆ'ಗೆ ಹೆಚ್ಚು ಬೆಲೆ ತೆತ್ತು, ಅದನ್ನು ಮಾಡಲೇ ಬಾರದ ಹಲಗೆಯ ಮೇಲೆ ಕೂರಿಸುವ ಪಟ್ಟಿ ಅದು. ಅಂಗಡಿಯವರಿಗೆ ಫೋನು ಮಾಡಿದೆ. "ಓಡ್ತದ್ರೀ ಮೇಡಂ, ಚಿಂತಿ ಮಾಡಬ್ಯಾಡ್ರಿ" ಎಂದರು. ಓಡುತ್ತದೆ ಎಂಬುದು ಸುಳ್ಳಲ್ಲ. ಎತ್ತಿನ ಗಾಡಿಯೂ ಓಡುತ್ತದೆ. ಓವರ್‌ಕ್ಲಾಕ್ ಆಗುತ್ತದೆಯೇ ಎಂದು ಮತ್ತೆ ಕೇಳಿದ್ದಕ್ಕೆ "ಮನ್ಯಾಗ ಗಂಡಸ್ರು ಯಾರರ ಅದಾರೇನ್ರಿ?" ಎಂಬ ಪ್ರಶ್ನೆ ಬಂತು.

ಸಹೋದರಿಯರೇ, ಈ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಮಾರುವವನಿಗೆ ಉತ್ತರ ಗೊತ್ತಿಲ್ಲದಾಗಲೂ ಬರುತ್ತದೆ, ಗೊತ್ತಿದ್ದು ಹೇಳಲು ಮನಸ್ಸಿಲ್ಲದಾಗಲೂ ಬರುತ್ತದೆ.

ಅಷ್ಟಕ್ಕೂ ದುಬಾರಿ ಹಲಗೆ ಕೊಂಡರೆ ಎಲ್ಲ ಸರಿಹೋಯಿತು ಎನ್ನುವ ಇನ್ನೊಂದು ಪಂಗಡವಿದೆ. ಇವರ ಮೇಲೂ ನನಗೆ ಅಷ್ಟೇ ಸಿಟ್ಟು. ಹಲಗೆಯ ಬೆಲೆಯಲ್ಲಿ ಅರ್ಧ ಸೀರೆಯ ಸೆರಗಿನ ಜರಿಯಂಥದ್ದು: ಮೇಲೊಂದು ಲೋಹದ ಕವಚ, ಅದರಲ್ಲೊಂದು ರಾಕ್ಷಸನ ಕಣ್ಣು, ಸುತ್ತ ದೀಪ. ನೋಡಬೇಕಾದದ್ದು ಒಡಲಿನ ನೂಲನ್ನು. ಮಂಡಳಿಯ ಪೆಟ್ಟಿಗೆಯ ಮೇಲೆ '14 ಫೇಸ್', '16 ಫೇಸ್' ಎಂದು ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ಹೊರೆಯನ್ನು ಎಷ್ಟು ಜನ ಹಂಚಿಕೊಂಡು ಹೊರುತ್ತಾರೆ ಎಂಬ ಲೆಕ್ಕ ಅದು. ಆದರೆ ಆ ಸಂಖ್ಯೆಯಲ್ಲಿ ಪ್ರೊಸೆಸರಿಗೆ ಸಂಬಂಧಪಡದವರನ್ನೂ ಎಣಿಸಿ ಸೇರಿಸುತ್ತಾರೆ, ಕೆಲವೊಮ್ಮೆ ಒಬ್ಬನನ್ನೇ ಇಬ್ಬರೆಂದು ತೋರಿಸುತ್ತಾರೆ. ಎಷ್ಟು ಜನ ಎಂಬುದಕ್ಕಿಂತ ಒಬ್ಬೊಬ್ಬ ಎಷ್ಟು ಆಂಪಿಯರ್ ಹೊರುತ್ತಾನೆ, ತಲೆಯ ಮೇಲೆ ನಿಜವಾದ ಹೀಟ್‌ಸಿಂಕ್ ಇದೆಯೋ ತಗಡಿನ ಅಲಂಕಾರವೋ, ಪದರಗಳು ನಾಲ್ಕೋ ಆರೋ ಎಂಟೋ ಎಂದು ಕೇಳಬೇಕು. ಪದರ ಹೆಚ್ಚಿದ್ದು ತಾಮ್ರ ದಪ್ಪವಿದ್ದರೆ ಬಿಸಿ ಹರಡಿಕೊಳ್ಳುತ್ತದೆ. ಹತ್ತು ನಿಮಿಷ ಆಟವಾಡುವ ಹುಡುಗನಿಗೆ ಇದು ಅಷ್ಟು ಮುಖ್ಯವಲ್ಲದಿರಬಹುದು. ಇಡೀ ರಾತ್ರಿಯ ಆಟವನ್ನು ಗಂಟೆಗಟ್ಟಲೆ ಒಂದೇ ಸಮನೆ ಅರೆಯಬೇಕಾದವನಿಗೆ ಇದೇ ಎಲ್ಲ.

ಊರನ್ನೂ ನೋಡಬೇಕು. ನಮ್ಮ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವನ್ನು ಬಿತ್ತುತ್ತ ಬಂದಿದ್ದಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ. ಘಟ್ಟದ ಮೇಲಿನ ಹೆಚ್ಚು ಇಳುವರಿಯ ಬೀಜವನ್ನು ಅಲ್ಲಿಗೆ ತಂದು ಎರಚಿದರೆ ಊರೇ ನಗುತ್ತದೆ. ಬೋರ್ಡಿನ ವಿಷಯದಲ್ಲಿ ಮಾತ್ರ ಎಲ್ಲೋ ಎ.ಸಿ. ಕೋಣೆಯಲ್ಲಿ ಪರೀಕ್ಷೆ ಮಾಡಿದವರ ಮಾತನ್ನು ಹಾಗೇ ನಂಬುತ್ತೇವೆ. ಇಲ್ಲಿ ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ 34 ಡಿಗ್ರಿ ಇರುತ್ತದೆ. ಫ್ಯಾನು ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಮಳೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ. ಗಾಳಿಯಲ್ಲಿ ಉಪ್ಪು, ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿನಾಗರ ಇದೆಯೆಂದರೆ ಹೇಳಬೇಕೇ? ಉಪ್ಪಿನ ತೇವ ತಾಗಿದ ತಾಮ್ರ ಹಸಿರುಗಟ್ಟುತ್ತದೆ, ಹಿಂಬದಿಯ ಸಾಕೆಟ್ಟುಗಳು ತುಕ್ಕು ಹಿಡಿಯುತ್ತವೆ. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ವಿದ್ಯುದಾಗಾರವಿದ್ದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಮ್ಮ ಮನೆಗಳಲ್ಲಿ ಚಿಮಣಿ ದೀಪವೇ ಗತಿ. ಕರೆಂಟು ಹೋಗುವುದಕ್ಕಿಂತ ಅದು ಮರಳಿ ಬರುವ ಗಳಿಗೆಯ ಹೊಡೆತ ಕೆಟ್ಟದ್ದು. ಗಾಜಿನ ಪೆಟ್ಟಿಗೆಯ ದೀಪದ ದುಡ್ಡಿನಲ್ಲಿ ಯು.ಪಿ.ಎಸ್. ಬಂದೀತು, ಗೋಡೆಯ ಅರ್ಥಿಂಗ್ ಸರಿಮಾಡಿಸಬಹುದು. ಇದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ಯಾಕೆಂದರೆ ಇದು ಮಿನುಗುವುದಿಲ್ಲ.

ಕಂಪನಿಗಳೂ ಸಾಚಾ ಏನಲ್ಲ. ಹೆಸರು ಮಾಡಿದ ಬೋರ್ಡು ಕಂಪನಿಗಳು ಹೆಚ್ಚಿನವು ತೈವಾನಿನವು. ಪರಸ್ಪರ ಪೈಪೋಟಿ ವಿಪರೀತ. ನಮ್ಮ ಹಲಗೆಯಲ್ಲಿ ನೂರಕ್ಕೆ ಒಂದೆರಡು ವೇಗ ಜಾಸ್ತಿ ಎಂದು ತೋರಿಸಿಕೊಳ್ಳಲು, ನೀವು ಕೇಳದೆಯೇ, ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ಸಡಿಲಬಿಟ್ಟು ಕಳಿಸುವ ಚಾಳಿ ಬೆಳೆಯಿತು. 2023ರ ಏಪ್ರಿಲಿನಲ್ಲಿ ಎ.ಎಂ.ಡಿ. ಕಂಪನಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿಗೆ ಸುಟ್ಟುಹೋದವು, ಸಾಕೆಟ್ಟಿನ ಹಲಗೆಯೂ ಕರಕಲಾಯಿತು. ಒಂದು ಭಾಗದ ವೋಲ್ಟೇಜು 1.3 ದಾಟದಂತೆ ಕಟ್ಟು ಹಾಕಿ ಹೊಸ ಬಯಾಸ್ ಹೊರಡಿಸಬೇಕಾಯಿತು. 2024ರಲ್ಲಿ ಇಂಟೆಲ್ಲಿನ 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳ ಸರದಿ. ಚೆನ್ನಾಗಿದ್ದ ಯಂತ್ರಗಳು ತಿಂಗಳು ಕಳೆದಂತೆ ತಲೆ ತಿರುಗಿ ಬೀಳತೊಡಗಿದವು. ಪ್ರೊಸೆಸರೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೇಳುತ್ತಿತ್ತು ಎಂದೂ, ಬೋರ್ಡುಗಳು ತಾವು ಹೇಳಿದ ಮಿತಿ ಮೀರಿ ವಿದ್ಯುತ್ತು ಕೊಡುತ್ತಿದ್ದುದೂ ಕಾರಣಗಳಲ್ಲಿ ಒಂದೆಂದೂ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ತಿದ್ದುಪಡಿ ಕೊಟ್ಟು, ಗ್ಯಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಮಕ್ಕಳು ಓವರ್‌ಕ್ಲಾಕ್ ಮಾಡಿ ಕೆಡಿಸಿದರು ಎಂದು ಬೈಯುವ ಮೊದಲು ಇದು ನೆನಪಿರಲಿ: ಎಷ್ಟೋ ಮನೆಗಳಲ್ಲಿ ಮಾಡಿದ್ದು ಮಗನಲ್ಲ, ಪೆಟ್ಟಿಗೆಯೊಳಗಿಂದಲೇ ಬಂದ ಸೆಟ್ಟಿಂಗು.

ಇದರಲ್ಲಿ ಕೊಳ್ಳುವವಳು ಗಮನಿಸಬೇಕಾದದ್ದು ಒಂದಿದೆ. ಎರಡೂ ಸಲ ಔಷಧ ಬಂದದ್ದು ಹಲಗೆಯ ಬಯಾಸ್ ಮೂಲಕ. ಹಲಗೆ ಮಾಡಿದವನು ಹೊಸ ಬಯಾಸ್ ಕೊಡುತ್ತಲೇ ಇರಬೇಕು, ಅದನ್ನು ಹಾಕಿಕೊಳ್ಳುವುದು ಸುಲಭವಾಗಿರಬೇಕು. ಕೆಲವು ಬೋರ್ಡುಗಳ ಹಿಂಬದಿಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಪೆನ್‌ಡ್ರೈವ್ ಸಿಕ್ಕಿಸಿ ಅದನ್ನು ಒತ್ತಿದರೆ ಪ್ರೊಸೆಸರಿಲ್ಲದೆಯೂ ಬಯಾಸ್ ಬದಲಾಗುತ್ತದೆ. ಅರ್ಧದಲ್ಲಿ ಕರೆಂಟು ಹೋಗಿ ಬಯಾಸ್ ಕೆಟ್ಟಾಗ ನಮ್ಮಂಥ ಊರಿನವರನ್ನು ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುವುದರಿಂದ ಉಳಿಸುವುದು ಆ ಗುಂಡಿ. ಆ ಗುಂಡಿ ಇದ್ದರೆ ದೀಪ ಇಲ್ಲದಿದ್ದರೂ ನಡೆದೀತು.

ಮತ್ತೆ ತಂಗಿಯ ಮನೆಯ ವಿಚಾರ. ಮಾಣಿ ಮೊದಲು "ನಿಂಗೆ ತಿಳಿತಿಲ್ಲೆ ದೊಡ್ಡಾಯಿ" ಎಂದೇ ಶುರುಮಾಡಿದ. "ಹೇಳಿ ನೋಡು ಮಾಣಿ" ಎಂದೆ. ಎರಡು ಸಂಜೆ ವಾದ ನಡೆಯಿತು, ಅವನ ಅಮ್ಮ ಹಪ್ಪಳ ಒತ್ತುತ್ತ ಕೇಳುತ್ತಿದ್ದಳು. ಇಂಟೆಲ್ಲಿನ 'ಝಡ್' ಹಲಗೆ ಹಾಕಿದರೆ ಬಜೆಟ್ಟು ಹರಿಯುತ್ತಿತ್ತು. ಎ.ಎಂ.ಡಿ.ಯಲ್ಲಿ 'ಎ' ಅಕ್ಷರದ ಅಗ್ಗದ ಹಲಗೆ ಬಿಟ್ಟರೆ 'ಬಿ'ಯಲ್ಲೂ ಓವರ್‌ಕ್ಲಾಕ್ ಮಾಡಲು ಬಿಡುತ್ತಾರೆ ಎಂದು ಅವನೇ ಹುಡುಕಿ ಹೇಳಿದ. ಕೊನೆಗೆ ಬಿ650 ಹಲಗೆಗೆ 18,000 ಇಟ್ಟೆವು, ನಿಜವಾದ ಹೀಟ್‌ಸಿಂಕ್ ಇರುವಂಥದ್ದು, ಹಿಂದೆ ಗುಂಡಿಯೂ ಇರುವಂಥದ್ದು. ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸಿ ರೈಜನ್ 7 7700ಎಕ್ಸ್ ಎಂಬುದಕ್ಕೆ 29,000. ಅದು ತಿನ್ನುವುದು ಹೆಚ್ಚೆಂದರೆ 142 ವಾಟ್. ಕಾಗದದ ಮೇಲೆ ಆ ಐ7 ಇದಕ್ಕಿಂತ ಚುರುಕು, ಸರಿ. ಆದರೆ ಆ 7,200ರ ಹಲಗೆಯ ಮೇಲೆ, ಮಿರ್ಜಾನದ ಮೇ ತಿಂಗಳಲ್ಲಿ, ಮೂರನೆಯ ಗಂಟೆಯ ಹೊತ್ತಿಗೆ ಅದು ಎಲ್ಲಿರುತ್ತಿತ್ತು? ಗಾಜಿನ ಪೆಟ್ಟಿಗೆಯ ಬದಲು ಮುಂದೆ ಜಾಲರಿ ಇರುವ 4,500ರ ಪೆಟ್ಟಿಗೆ. ಉಳಿದ ದುಡ್ಡಿನಲ್ಲಿ ಡಿಡಿಆರ್5 ಮೆಮೊರಿಯ ಹೆಚ್ಚುವರಿ ಬೆಲೆ ಹೋಗಿ ಒಂದು ಸಣ್ಣ ಯು.ಪಿ.ಎಸ್. ಬಂತು. ಅದೇ ವರ್ಷ ಆಗಸ್ಟಿನಲ್ಲಿ ಎ.ಎಂ.ಡಿ. ಹೊಸ 9000 ಸರಣಿಯನ್ನು ತಂದಾಗ ಅದೂ ಈ ಹಲಗೆಯ ಮೇಲೆಯೇ ಕೂರುತ್ತದೆ ಎಂದಾಯಿತು. ಬಯಾಸ್ ಬದಲಿಸಿದರೆ ಸಾಕು. ಅಕ್ಟೋಬರಿನಲ್ಲಿ ಇಂಟೆಲ್ ತಂದ ಹೊಸ ಸರಣಿಗೆ ಮಾತ್ರ ಸಾಕೆಟ್ಟೇ ಬೇರೆ, ಹಲಗೆಯೂ ಹೊಸದೇ ಬೇಕು.

ಓವರ್‌ಕ್ಲಾಕ್ ಮಾಡಿದನೇ ಎಂದು ನೀವು ಕೇಳಬಹುದು. ಮಾಡಿದ, ಆದರೆ ತಲೆಕೆಳಗಾಗಿ. ಈ ಪ್ರೊಸೆಸರುಗಳಲ್ಲಿ ಆಯಾ ವೇಗಕ್ಕೆ ಕೊಡುವ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುವ ಸೌಕರ್ಯವಿದೆ. ವೋಲ್ಟೇಜು ಇಳಿದರೆ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಪ್ರೊಸೆಸರು ತಾನೇ ಒಂದಿಷ್ಟು ವೇಗ ಏರಿಸಿಕೊಳ್ಳುತ್ತದೆ. ಒಂದು ಮೆಟ್ಟಿಲು ಇಳಿಸುವುದು, ರಾತ್ರಿಯಿಡೀ ಓಡಿಸಿ ನೋಡುವುದು, ತಪ್ಪಿದರೆ ಒಂದು ಮೆಟ್ಟಿಲು ಹಿಂದೆ ಸರಿಯುವುದು: ವಾರವಿಡೀ ಅದೇ ಕೆಲಸ. ಇದನ್ನೂ ಕಂಪನಿಯವರು ಓವರ್‌ಕ್ಲಾಕಿಂಗ್ ಎಂದೇ ಲೆಕ್ಕ ಹಿಡಿಯುತ್ತಾರೆ, ಇದರಿಂದ ಕೆಟ್ಟರೆ ಪ್ರೊಸೆಸರಿನ ಗ್ಯಾರಂಟಿ ಸಲ್ಲುವುದಿಲ್ಲ. ತಂಗಿಗೆ ಇದನ್ನು ಮೊದಲೇ ಹೇಳಿದ್ದೆವು. ದುಡ್ಡು ಅವಳದ್ದು, ಗೊತ್ತಿದ್ದು ಒಪ್ಪಿದಳು. ಗೊತ್ತಿಲ್ಲದೆ ಒಪ್ಪಿಸಿಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರಕ್ಕಾಗಿಯೇ ನಾನು ಇಷ್ಟೆಲ್ಲ ಬರೆದದ್ದು.

ಇನ್ನೊಂದು ಮಾತು, ಪೆಟ್ಟಿಗೆ ಬಿಚ್ಚುವ ದಿನದ್ದು. ಹಲಗೆಯ ಸಾಕೆಟ್ಟಿನ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರಡಿ ಕೂದಲಿನಷ್ಟು ತೆಳ್ಳಗಿನ ಸಾವಿರದ ಏಳುನೂರು ಚಿಲ್ಲರೆ ಮುಳ್ಳುಗಳು. ಒಂದು ಬಗ್ಗಿದರೂ ಹಲಗೆ ವ್ಯರ್ಥವಾಗಬಹುದು, ಬಗ್ಗಿದ ಮುಳ್ಳಿಗೆ ಸಾಮಾನ್ಯವಾಗಿ ಗ್ಯಾರಂಟಿಯೂ ಇಲ್ಲ. ಪ್ರೊಸೆಸರು ಕೂರಿಸಿದ ಮೇಲೆ ಹುಡುಗರು ಆ ಮುಚ್ಚಳವನ್ನು ಕಸವೆಂದು ಎಸೆಯುತ್ತಾರೆ. ಮುಂದೆ ಹಲಗೆಯನ್ನು ರಿಪೇರಿಗೆ ಕಳಿಸಬೇಕಾದಾಗ ಕಂಪನಿಯವರು ಅದನ್ನೇ ಕೇಳುತ್ತಾರೆ. ನನ್ನ ತಂಗಿ ಅದನ್ನು ಬಿಲ್ಲಿನಲ್ಲಿ ಸುತ್ತಿ, ಹಪ್ಪಳದ ಲೆಕ್ಕದ ಪುಸ್ತಕ ಇರುವ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾಳೆ.